ಬೀಡಿ ಹಗುರವಲ್ಲ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹತ್ತಿರ ಚಹಾ ಕುಡಿಯುತ್ತಿದ್ದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯ ಹಮಾಲರೊಬ್ಬರು ಬೀಡಿ ಹಚ್ಚಿದರು. ನಾಲ್ಕು ಮಾತಾಡುವಷ್ಟರಲ್ಲಿ ಅದು ಆರಿತು. ಮತ್ತೆ ಕಡ್ಡಿ ಗೀರಿದರು. ಲೋಟ ಖಾಲಿಯಾಗುವುದರೊಳಗೆ ಮೂರು ಕಡ್ಡಿ ಮುಗಿದವು. "ಸಿಗರೇಟು ಬಿಟ್ಟು ಐದು ವರ್ಷವಾಯಿತು ಮೇಷ್ಟ್ರೇ. ಇದು ಬರೀ ಎಲೆ, ಎದೆಗೆ ಹಗುರ" ಎಂದರು.

ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದು ಏಕೆ ತಪ್ಪು ಎಂಬುದಕ್ಕೆ ಅವರ ಕಾಲ ಬಳಿ ಬಿದ್ದಿದ್ದ ಆ ಮೂರು ಕಡ್ಡಿಗಳೇ ಸಾಕ್ಷಿ.

ಸಿಗರೇಟಿನ ಕಾಗದದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಗಾಳಿ ತಾನಾಗಿ ಒಳನುಸುಳುತ್ತದೆ, ಆದ್ದರಿಂದ ಅದು ಸೇದದೆ ಇಟ್ಟರೂ ಉರಿಯುತ್ತಿರುತ್ತದೆ. ಬೀಡಿ ಎಲೆ ಅಷ್ಟು ಸುಲಭವಾಗಿ ಗಾಳಿ ಬಿಡುವುದಿಲ್ಲ. ಹಸಿ ಸೌದೆಯ ಒಲೆಯನ್ನು ನೆನೆಸಿಕೊಳ್ಳಿ: ಊದುಕೊಳವೆ ಕೆಳಗಿಟ್ಟ ಕೂಡಲೇ ಬೆಂಕಿ ಮಂಕಾಗುತ್ತದೆ. ಕಮ್ಮಾರನ ಕುಲುಮೆಯೂ ಹಾಗೆಯೇ, ತಿದಿ ನಿಂತರೆ ಕೆಂಡ ಕಪ್ಪಾಗುತ್ತದೆ. ಬೀಡಿಗೆ ಸೇದುವವನ ಶ್ವಾಸಕೋಶವೇ ತಿದಿ. ಆದರೆ ಕುಲುಮೆಯ ತಿದಿ ಬೆಂಕಿಯತ್ತ ಗಾಳಿ ಊದುತ್ತದೆ. ಈ ತಿದಿ ಬೆಂಕಿಯ ಹೊಗೆಯನ್ನೇ ತನ್ನೊಳಗೆ ಎಳೆದುಕೊಳ್ಳುತ್ತದೆ. ಬೀಡಿ ಆರದಿರಲು ಮತ್ತೆ ಮತ್ತೆ, ಇನ್ನೂ ಆಳಕ್ಕೆ ಎಳೆಯಬೇಕು. ಹೀಗಾಗಿ ಬೀಡಿಯೊಳಗಿನ ತಂಬಾಕು ಸಿಗರೇಟಿನದ್ದಕ್ಕಿಂತ ಬಹಳ ಕಡಿಮೆಯಿದ್ದರೂ ಅದರ ಹೊಗೆಯಲ್ಲಿ ಬರುವ ನಿಕೋಟಿನ್, ಟಾರ್, ಕಾರ್ಬನ್ ಮೊನಾಕ್ಸೈಡ್ ಹೆಚ್ಚು. ಈ ಕೊನೆಯ ಅನಿಲ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ಗೆ ಆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿನಲ್ಲಿ ಟವೆಲ್ ಹಾಸಿ ಕುಳಿತವನಂತೆ ಅದು ಜಾಗ ಬಿಡುವುದಿಲ್ಲ, ಆಮ್ಲಜನಕ ನಿಂತೇ ಇರಬೇಕು. ಮೂಟೆ ಹೊರುವವರಿಗೆ ಬೇಕಾದದ್ದು ಆ ಆಮ್ಲಜನಕವೇ.

ತಂಬಾಕಿನ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಪಾತ್ರವಿದೆ. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಸದ್ ಬೇಗ್ ಎಂಬ ಮೊಗಲ್ ಅಧಿಕಾರಿ ಬಿಜಾಪುರದಲ್ಲಿ ತಂಬಾಕನ್ನು ಕಂಡು ಅಕ್ಬರನ ಆಸ್ಥಾನಕ್ಕೆ ಒಯ್ದ. ಅಕ್ಬರ್ ಒಂದೆರಡು ದಮ್ಮು ಎಳೆದು ನೋಡಿದ. ಆಸ್ಥಾನದ ಹಕೀಮರು ಒಪ್ಪಲಿಲ್ಲ. 1617ರಲ್ಲಿ ಜಹಾಂಗೀರ್ ತಂಬಾಕನ್ನು ನಿಷೇಧಿಸಿದ. ಚಟ ಮಾತ್ರ ಹಬ್ಬುತ್ತಲೇ ಹೋಯಿತು. ಬರಿಯ ಫರ್ಮಾನಿಗೆ ನಿಕೋಟಿನ್ ಜಗ್ಗುವುದಿಲ್ಲ.

ಜಗ್ಗುವುದು ಬೆಲೆಗೆ. ನಮ್ಮಂಥ ದೇಶಗಳಲ್ಲಿ ಬೆಲೆ ಶೇ 10 ಏರಿದರೆ ಸೇವನೆ ಸುಮಾರು ಶೇ 5 ಇಳಿಯುತ್ತದೆ, ಬಡವರಲ್ಲಿ ಮತ್ತು ಹುಡುಗರಲ್ಲಿ ಇನ್ನೂ ಹೆಚ್ಚು. ಚಿಲ್ಲರೆ ಬೆಲೆಯಲ್ಲಿ ತೆರಿಗೆಯ ಪಾಲು ಕನಿಷ್ಠ ಶೇ 75 ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬೀಡಿಯ ಕಥೆ ನೋಡಿ. ಅದರ ಜಿಎಸ್‌ಟಿ ಶೇ 28 ಇದ್ದಾಗ ತೆರಿಗೆ ಸೇರಿ ನೂರು ರೂಪಾಯಿಯಾಗುವ ಬೀಡಿಯಲ್ಲಿ ಆ ತೆರಿಗೆ ಸುಮಾರು 22 ರೂಪಾಯಿ. 2025ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಅದನ್ನೂ ಶೇ 18ಕ್ಕೆ ಇಳಿಸಲು ತೀರ್ಮಾನಿಸಿತು. ಅಂದರೆ ಸುಮಾರು 15 ರೂಪಾಯಿ. ಸಿಗರೇಟಿಗಾದರೋ ಶೇ 40. 2016–17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಿಗರೇಟು ಸೇದುವವರು ವಯಸ್ಕರಲ್ಲಿ ಶೇ 4, ಬೀಡಿ ಸೇದುವವರು ಶೇ 7.7. ಹೆಚ್ಚು ಜನರನ್ನು ಕೊಲ್ಲುವ ವಸ್ತುವಿಗೇ ರಿಯಾಯಿತಿ!

ತೆರಿಗೆ ಏರಿಸಿ ಎಂದರೆ ಬೀಡಿ ಕಟ್ಟುವ ಹೆಣ್ಣುಮಕ್ಕಳ ಹೊಟ್ಟೆಪಾಡಿನ ಮಾತು ಬರುತ್ತದೆ, ಬರಲೇಬೇಕು. ಆದರೆ ಮೊರದಲ್ಲಿ ತಂಬಾಕು ಇಟ್ಟುಕೊಂಡು, ಅದರ ಧೂಳು ಕುಡಿಯುತ್ತ, ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಪಡೆಯುವ ಅವರಿಗೆ ಈ ರಿಯಾಯಿತಿಯಿಂದ ಸಿಕ್ಕಿದ್ದೇನು? ಏರಿಸಿದ ತೆರಿಗೆಯ ಒಂದು ಪಾಲನ್ನು ಅವರ ಹೊಸ ಕಸುಬಿಗೇ ಮೀಸಲಿಡಬಹುದಲ್ಲ.

ಇಷ್ಟನ್ನೂ ನನಗೆ ತಿಳಿದಂತೆ ಆ ಹಿರಿಯರಿಗೆ ಹೇಳಿದೆ. "ಹಾಗಾದರೆ ಸಿಗರೇಟೇ ವಾಸಿಯೋ?" ಎಂದರು.

"ಎರಡೂ ಬೇಡ ಯಜಮಾನರೇ. ಅದಿರಲಿ, ಬೀಡಿ ಕಟ್ಟಿನ ಬೆಲೆ ಎರಡರಷ್ಟಾದರೆ ಏನು ಮಾಡುತ್ತೀರಿ?"

ಆರಿದ ತುಂಡನ್ನು ಬೆರಳಲ್ಲಿ ತಿರುಗಿಸುತ್ತ ಸ್ವಲ್ಪ ಹೊತ್ತು ಯೋಚಿಸಿದರು. "ಒಂದು ಕಟ್ಟನ್ನು ಎರಡು ದಿನಕ್ಕೆ ಸರಿದೂಗಿಸಬೇಕಾಗುತ್ತದೆ" ಎಂದರು. ನಾಲ್ಕನೆಯ ಕಡ್ಡಿ ಗೀರಲಿಲ್ಲ. ತುಂಡನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಮೂಟೆಗಳತ್ತ ಹೊರಟರು.