‘ಫೈನ್’ ಅಂದರೆ ಚೆನ್ನಾಗಿದೆ ಅಂತಲೋ, ದಂಡ ಅಂತಲೋ?

ಓದುಗರ ಪ್ರಶ್ನೆ: ಇಂಗ್ಲಿಷಿನಲ್ಲಿ ಚೆನ್ನಾಗಿರುವುದಕ್ಕೂ ‘ಫೈನ್’ ಅನ್ನುತ್ತಾರೆ, ತಪ್ಪಿಗೆ ಕಟ್ಟುವ ದಂಡಕ್ಕೂ ‘ಫೈನ್’ ಅನ್ನುತ್ತಾರೆ. ಇದು ಹೇಗೆ?

ಎರಡು ಬೇರೆ ಪದಗಳು ಸುಮ್ನೆ ಒಂದೇ ಥರ ಕೇಳಿಸುತ್ತಿವೆ ಅನ್ನಿಸುತ್ತದೆ, ಅಲ್ವಾ? ಆದರೆ ಎರಡರ ಬೇರೂ ಒಂದೇ. ಲ್ಯಾಟಿನ್ ಭಾಷೆಯ ‘ಫಿನಿಸ್’, ಅಂದರೆ ಕೊನೆ. ಹಳೆಯ ಫ್ರೆಂಚ್ ಹಾದು ಇಂಗ್ಲಿಷಿಗೆ ಬಂತು. ಫಿನಿಶ್, ಫೈನಲ್ ಕೂಡ ಇದೇ ಮನೆಯವು.

ಹಿಂದೆ ವ್ಯಾಜ್ಯ ಮುಗಿಸಿಕೊಳ್ಳಲು ಕೊಡುತ್ತಿದ್ದ ಹಣಕ್ಕೆ ಫೈನ್ ಅನ್ನುತ್ತಿದ್ದರು. ಹಣ ಕೊಟ್ಟರೆ ತಕರಾರಿಗೆ ಕೊನೆ. ಅದೇ ಮುಂದೆ ದಂಡವಾಯಿತು. ಇನ್ನೊಂದು ಕವಲಿನಲ್ಲಿ ‘ಕೊನೆ’ ಅಂದರೆ ತುತ್ತತುದಿ. ಗುಣದಲ್ಲಿ ಇದಕ್ಕಿಂತ ಮೇಲಿಲ್ಲ ಅನ್ನುವಂಥದ್ದು ಫೈನ್. ಕಲಬೆರಕೆ ಇಲ್ಲದ ಅಪ್ಪಟ ಚಿನ್ನ ‘ಫೈನ್ ಗೋಲ್ಡ್’. ಅಪ್ಪಟದಿಂದ ನಾಜೂಕು, ನಾಜೂಕಿನಿಂದ ತೆಳುವು, ನುಣುಪು ಹೀಗೆ ಅರ್ಥ ಬೆಳೆಯಿತು. ಗಾಳಿಯ ಮಾಲಿನ್ಯದ ಸುದ್ದಿಯಲ್ಲಿ ಬರುವ ಪಿಎಂ 2.5 ಕಣಗಳಿಗೂ ಫೈನ್ ಅನ್ನುತ್ತಾರೆ. ಅವುಗಳ ಅಡ್ಡಳತೆ 2.5 ಮೈಕ್ರೋಮೀಟರ್ ಅಥವಾ ಅದಕ್ಕೂ ಕಡಿಮೆ. ಅಲ್ಲಿ ಫೈನ್ ಅಂದರೆ ತೀರಾ ಸಣ್ಣದು, ಒಳ್ಳೆಯದು ಅಂತ ಅಲ್ಲವೇ ಅಲ್ಲ.

ಕನ್ನಡದ ‘ಆಯ್ತು’ ನೋಡಿ. ‘ಕೆಲಸ ಆಯ್ತು’ ಅಂದರೆ ಮುಗಿಯಿತು. ‘ಆಯ್ತು, ಬರ್ತೀನಿ’ ಅಂದರೆ ಒಪ್ಪಿಗೆ. ಮುಗಿದದ್ದಕ್ಕೂ ಒಪ್ಪಿದ್ದಕ್ಕೂ ನಮಗೂ ಒಂದೇ ಮಾತು. ನನಗಂತೂ ಈ ಹೋಲಿಕೆ ತುಂಬಾ ಇಷ್ಟ.

ಅರ್ಥಕ್ಕಿಂತ ಬಳಕೆಯಲ್ಲೇ ಎಡವುವುದು ಜಾಸ್ತಿ. ‘ಶಿ ಈಸ್ ಎ ಫೈನ್ ಸಿಂಗರ್’ ಅಂದರೆ ನಿಜವಾದ ಹೊಗಳಿಕೆ, ಬಹಳ ಚೆನ್ನಾಗಿ ಹಾಡುತ್ತಾಳೆ ಅಂತ. ಅದೇ, ಹಾಡು ಹೇಗಿತ್ತು ಅಂತ ಕೇಳಿದಾಗ ‘ಇಟ್ ವಾಸ್ ಫೈನ್’ ಅಂದರೆ? ಪರವಾಗಿಲ್ಲ ಅಂತಷ್ಟೇ. ನಾಮಪದದ ಮುಂದೆ ಕೂತಾಗ ಈ ಪದಕ್ಕೆ ತೂಕ ಇರುತ್ತದೆ, ವಾಕ್ಯದ ತುದಿಗೆ ಒಂಟಿಯಾಗಿ ಬಂದಾಗ ಸಾಮಾನ್ಯವಾಗಿ ಹಗುರ. ಹಾಗಾಗಿ ಯಾರಾದರೂ ಕಷ್ಟಪಟ್ಟು ಮಾಡಿದ ಕೆಲಸ ತೋರಿಸಿದರೆ ಬರೀ ‘ಫೈನ್’ ಅನ್ನಬೇಡಿ. ಮೆಚ್ಚುಗೆ ಇದ್ದರೂ ಅವರಿಗೆ ಅದು ಮುಟ್ಟುವುದಿಲ್ಲ.

ಇನ್ನೂ ಸ್ವಲ್ಪ ನೀರು ಬೇಕಾ ಅಂತ ಕೇಳಿದಾಗ ‘ಐಯಾಮ್ ಫೈನ್’ ಅಂದರೆ ಬೇಡ, ಸಾಕು ಅಂತ. ಆರೋಗ್ಯದ ಮಾತಲ್ಲ. ಜಗಳದ ನಡುವೆ ‘ಫೈನ್!’ ಅಂತ ಬಿರುಸಾಗಿ ಬಂದರೆ ಅದು ನಮ್ಮ ‘ಆಯ್ತು ಬಿಡು!’. ಒಪ್ಪಿಕೊಂಡರು ಅಂತ ತಿಳಿಯಬೇಡಿ. ಮೊದಲು ಸ್ವಲ್ಪ ಹೊತ್ತು ಬಿಟ್ಟು ಮಾತಾಡಿಸಿ.