ಹಸಿದ ಎಲುಬು

ಶಿರಸಿಯ ನಮ್ಮತ್ತೆ ವಾರಕ್ಕೆ ಮೂರು ಡಯಾಲಿಸಿಸ್ ಮಾಡಿಸಿಕೊಂಡು ಎಂಟು ವರ್ಷ ದೂಡಿದವಳು. ಹುಬ್ಬಳ್ಳಿಯಲ್ಲಿ ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು (ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯುವಂಥವು) ತೆಗೆಸಿದ ಮರುದಿನ "ತುಟಿಯೆಲ್ಲ ಜುಂ ಜುಂ ಹೇಳ್ತು ಮಾರಾಯ" ಅಂದಳು. ನರ್ಸ್ ಫಿಸ್ಟುಲಾ (ಡಯಾಲಿಸಿಸ್‌ಗೆಂದು ಕೂಡಿಸಿದ ರಕ್ತನಾಳ) ಇಲ್ಲದ ಕೈಗೆ ಬಿಪಿ ಪಟ್ಟಿ ಕಟ್ಟಿ ಗಾಳಿ ತುಂಬಿ ಎರಡು ನಿಮಿಷವಾಗಿರಲಿಲ್ಲ, ಬಳೆಗಾರ ಬಳೆ ತೊಡಿಸಲು ಹಿಂಡಿ ಹಿಡಿದಂತೆ ಬೆರಳುಗಳು ತಾವಾಗಿಯೇ ಕೂಡಿಕೊಂಡವು. ನೋಡಲು ಬಂದವರೊಬ್ಬರು "ಗಾಳಿ ಸೋಂಕು, ನೂಲು ಮಂತ್ರಿಸಿ ತರ್ತೇನೆ" ಎಂದರು. ಗಾಳಿ ಇದ್ದದ್ದು ಬಿಪಿ ಪಟ್ಟಿಯೊಳಗೆ ಮಾತ್ರ! ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಾಗ ಕೈ ಹೀಗಾಗುವುದನ್ನು ಫ್ರಾನ್ಸಿನ ವೈದ್ಯ ಟ್ರೂಸೋ 1861ರಲ್ಲೇ ಬರೆದಿಟ್ಟಿದ್ದಾನೆ.

ಆ ಕ್ಯಾಲ್ಸಿಯಂ ಹೋಗಿದ್ದು ಎಲುಬಿಗೆ. ಕಿಡ್ನಿ ಸೋತಾಗ ಪ್ಯಾರಾಥೈರಾಯ್ಡ್ ಹಾರ್ಮೋನು ಹುಚ್ಚೆದ್ದು ಸುರಿದು, ವರ್ಷಗಟ್ಟಲೆ ಎಲುಬನ್ನು ಕರಗಿಸುತ್ತದೆ. ಕಟ್ಟುವ ಕೋಶಗಳೂ ಹಿಂದೆಯೇ ದುಡಿಯುತ್ತಿರುತ್ತವೆ, ಆದರೆ ಕೆಡವುವವರ ಕೈ ಮೇಲು. ಗ್ರಂಥಿ ತೆಗೆದರೆ ಕೆಲವೇ ನಿಮಿಷಗಳಲ್ಲಿ ಹಾರ್ಮೋನು ಇಳಿಯುತ್ತದೆ, ಆಮೇಲೆ ಕೆಡವುವುದು ಬಹುತೇಕ ನಿಲ್ಲುತ್ತದೆ. ಕಟ್ಟುವವರು ಮಾತ್ರ ನಿಲ್ಲುವುದಿಲ್ಲ. ಬೇಸಿಗೆಯಿಡೀ ಕಾದ ಸೊಪ್ಪಿನ ಬೆಟ್ಟ ಮೊದಲ ಮಳೆಯನ್ನು ತಾನೇ ಕುಡಿದುಬಿಡುತ್ತದಲ್ಲ, ಬಾವಿಗೆ ಒಂದು ಕೊಡ ನೀರೂ ಏರುವುದಿಲ್ಲ, ಹಾಗೆ. 1948ರಲ್ಲಿ ಅಮೆರಿಕದ ವೈದ್ಯ ಆಲ್‌ಬ್ರೈಟ್ ಇದನ್ನು 'ಹಸಿದ ಎಲುಬು' ಎಂದ. (ಈ ಗ್ರಂಥಿ ಮೊದಲು ಕಂಡದ್ದು ಮನುಷ್ಯನಲ್ಲಲ್ಲ, ಲಂಡನ್ ಮೃಗಾಲಯದಲ್ಲಿ ಸತ್ತ ನಮ್ಮ ದೇಶದ ಘೇಂಡಾಮೃಗದಲ್ಲಿ. ಕೊಯ್ದು ನೋಡಿದವನು ರಿಚರ್ಡ್ ಓವೆನ್.)

ಬೆಟ್ಟ ಎಷ್ಟು ಕುಡಿದೀತು ಎಂದು ಮಳೆಗೆ ಮುಂಚೆಯೇ ಹೇಳಬಹುದೆ? ಬಹುಮಟ್ಟಿಗೆ ಹೌದು. ಎಲ್ಲರೂ ಹಾರ್ಮೋನಿನ ಅಂಕಿ ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಆಲ್ಕಲೈನ್ ಫಾಸ್ಫಟೇಸಿನ ಮೇಲೆ. ಎಲುಬು ಕಟ್ಟುವ ಕೋಶಗಳು ಬಿಡುವ ಕಿಣ್ವ ಅದು. ಮದುವೆಮನೆಯಲ್ಲಿ ಎಷ್ಟು ಎಲೆ ಹಾಸಿದ್ದಾರೆಂದು ನೋಡಿದರೆ ಎಷ್ಟು ಅನ್ನ ಬೇಕೆಂದು ಅಡುಗೆಭಟ್ಟರಿಗೆ ತಿಳಿಯುತ್ತದೆ. ಪಿತ್ತಜನಕಾಂಗವೂ ಈ ಕಿಣ್ವವನ್ನು ಬಿಡುವುದರಿಂದ ಜೊತೆಗೆ ಜಿಜಿಟಿ (ಪಿತ್ತಜನಕಾಂಗದ ತೊಂದರೆಗೆ ಏರುವ, ಎಲುಬಿಗೆ ಏರದ ಇನ್ನೊಂದು ಕಿಣ್ವ) ಪರೀಕ್ಷೆಯನ್ನೂ ನೋಡಬೇಕು. ಈ ಕಿಣ್ವ ಏರಿದ್ದು, ಹಾರ್ಮೋನು ಬಹಳ ಹೆಚ್ಚಿದ್ದು, ಆಪರೇಷನ್ನಿಗೆ ಮೊದಲೇ ಕ್ಯಾಲ್ಸಿಯಂ ಕಡಿಮೆಯಿದ್ದು, ವಯಸ್ಸೂ ಚಿಕ್ಕದಿದ್ದರೆ ಕ್ಯಾಲ್ಸಿಟ್ರಿಯಾಲ್ (ವಿಟಮಿನ್ ಡಿಯ ಸಕ್ರಿಯ ರೂಪ) ಮುಂಚೆಯೇ ಶುರುಮಾಡಿ, ಕ್ಯಾಲ್ಸಿಯಂ ಗ್ಲುಕೋನೇಟ್ ಡ್ರಿಪ್ ಸಿದ್ಧವಿಟ್ಟು, ದಿನಕ್ಕೆ ಹಲವು ಸಲ ರಕ್ತ ನೋಡುತ್ತಾರೆ. ಎರಡರಿಂದ ನಾಲ್ಕನೇ ದಿನದ ನಡುವೆ ಕುಸಿತ ತಳ ಮುಟ್ಟುವುದು ಹೆಚ್ಚು.

ಅತ್ತೆಯ ಹಳೆಯ ರಿಪೋರ್ಟಿನಲ್ಲಿ ಆ ಕಿಣ್ವ ಮಾಮೂಲಿನ ಐದು ಪಟ್ಟಿತ್ತು, ಡಾಕ್ಟರು ಅದಕ್ಕೆ ಕೆಂಪು ಶಾಯಿಯ ಸುತ್ತು ಹಾಕಿದ್ದರು. ಡ್ರಿಪ್ ಏರಿತು, ಬೆರಳು ಸಡಿಲಾಯಿತು. ಆರನೇ ದಿನ ಅವಳು ಕ್ಯಾಲ್ಸಿಯಂ ಮಾತ್ರೆ ಅಗಿಯುತ್ತ, "ಕವಳದ ಸುಣ್ಣದ ರುಚಿನೇ ಇಲ್ಲೆ ಇದಕ್ಕೆ" ಎಂದು ಮುಖ ಸಿಂಡರಿಸಿದಳು.