ಹಳೇ ಶಾಫ್ಟ್ ಡ್ರೈವ್ ಬೈಕಿನ ಒಣ ಸ್ಪ್ಲೈನ್‌ಗಳು: ಒಂದು ಅಧ್ಯಯನ ಟಿಪ್ಪಣಿ

ಶಾಫ್ಟ್ ಡ್ರೈವ್ ಬೈಕಿನಲ್ಲಿ ಚೈನ್ ಇಲ್ಲ, ಸ್ಪ್ರಾಕೆಟ್ ಇಲ್ಲ, ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಒಯ್ಯುವುದು ತಿರುಗುವ ಉಕ್ಕಿನ ದಂಡ, ಅಂದರೆ ಶಾಫ್ಟ್. ಹಾಗಾಗಿ ಹಿಂದಿನ ಚಕ್ರದ ಕಡೆ ಕೈ ಹಾಕುವ ಕೆಲಸವೇ ಬರುವುದಿಲ್ಲ ಅಂತ ತುಂಬ ಜನ ನಂಬಿರುತ್ತಾರೆ. ಬುಲೆಟ್, ಯೆಜ್ಡಿ ಬಿಚ್ಚಿ ಕೆಲಸ ಕಲಿತ ನಮ್ಮವರಿಗೆ ಈ ನಂಬಿಕೆ ಇನ್ನೂ ಜಾಸ್ತಿ, ಅವೆರಡೂ ಚೈನ್ ಗಾಡಿಗಳಲ್ವಾ. ಆದರೆ ಶಾಫ್ಟ್ ಗಾಡಿಯಲ್ಲೂ ಸವೆಯುವ ಜಾಗ ಇದೆ. ಅದು ಹೊರಗೆ ಕಾಣುವುದಿಲ್ಲ, ಸವೆದು ಮುಗಿಯುವವರೆಗೂ ಸದ್ದು ಮಾಡುವುದಿಲ್ಲ. ಅದೇ ಸ್ಪ್ಲೈನ್.

ಶಾಫ್ಟಿನ ಮೇಲೆ ಉದ್ದಕ್ಕೆ ಕೊರೆದ ಹಲ್ಲುಗಳಿಗೆ ಸ್ಪ್ಲೈನ್ ಎನ್ನುತ್ತಾರೆ. ಹೊರಗೆ ಹಲ್ಲಿರುವ ಭಾಗ, ಒಳಗೆ ಹಲ್ಲಿರುವ ಹಬ್‌ನೊಳಗೆ ಜಾರಿ ಕೂರುತ್ತದೆ. ತಿರುಗುವ ಬಲ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಜೊತೆಗೆ ಎರಡೂ ಸ್ವಲ್ಪ ಹಿಂದೆ ಮುಂದೆ ಸರಿಯಬಹುದು, ಬೇಕಾದಾಗ ಬಿಡಿಸಲೂಬಹುದು.

ಉದಾಹರಣೆಗೆ ಬಿಎಂಡಬ್ಲ್ಯುವಿನ ಗಾಳಿ ತಂಪಿನ ಬಾಕ್ಸರ್ (ಎರಡು ಸಿಲಿಂಡರ್ ಎಡಕ್ಕೊಂದು ಬಲಕ್ಕೊಂದು ಚಾಚಿರುವ) ಬೈಕುಗಳನ್ನು ತೆಗೆದುಕೊಳ್ಳೋಣ. 1923ರ ಆರ್32ರಿಂದಲೂ ಈ ಕಂಪನಿ ಶಾಫ್ಟ್ ಡ್ರೈವ್ ಬಳಸುತ್ತಾ ಬಂದಿದೆ. ಇಲ್ಲಿ ನೋಡುವುದು 1969ರಲ್ಲಿ ಬಂದ ಆರ್75/5ರಿಂದ 1984ರ ಆರ್100 ಆರ್‌ಎಸ್‌ವರೆಗಿನ, ಹಿಂದೆ ಎರಡು ಶಾಕ್ ಅಬ್ಸಾರ್ಬರ್ ಇರುವ ಗಾಡಿಗಳನ್ನು.

ಎಂಜಿನ್ನಿನಿಂದ ಚಕ್ರದವರೆಗೆ ಮೂರು ಕಡೆ ಹಲ್ಲಿನ ಜೋಡಣೆ ಸಿಗುತ್ತದೆ. ಮೊದಲನೆಯದು ಕ್ಲಚ್ ಪ್ಲೇಟ್ ಮತ್ತು ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ನಡುವೆ. ಎರಡನೆಯದು ಡ್ರೈವ್ ಶಾಫ್ಟಿನ ಹಿಂತುದಿಯಲ್ಲಿ, ಫೈನಲ್ ಡ್ರೈವ್ (ಶಾಫ್ಟಿನ ಬಲವನ್ನು ಚಕ್ರಕ್ಕೆ ಕೊಡುವ ಹಿಂದಿನ ಗೇರ್ ಪೆಟ್ಟಿಗೆ) ಸೇರುವ ಕಡೆ. ಮೂರನೆಯದು ಫೈನಲ್ ಡ್ರೈವ್ ಮತ್ತು ಹಿಂದಿನ ಚಕ್ರದ ಹಬ್ ನಡುವೆ. ನಡುವಿನದು ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ, ಮೇಲೆ ಕೆಳಗೆ ಆಡುವ ತೋಳು) ಒಳಗೆ ಎಣ್ಣೆಯಲ್ಲೇ ತಿರುಗುತ್ತದೆ. ಕಾಲಕಾಲಕ್ಕೆ ಎಣ್ಣೆ ಬದಲಿಸಿದರೆ ಅದರ ಪಾಡಿಗೆ ಅದು ಇರುತ್ತದೆ. ಉಳಿದೆರಡು ಒಣ. ಒಂದರ ಪಕ್ಕ ಕ್ಲಚ್ಚಿನ ಧೂಳು, ಇನ್ನೊಂದರ ಪಕ್ಕ ಬ್ರೇಕಿನ ಧೂಳು. ನಾವು ಕೈಯಾರೆ ಗ್ರೀಸ್ ಹಾಕದಿದ್ದರೆ ಅಲ್ಲಿಗೆ ಯಾವ ಎಣ್ಣೆಯೂ ಬಂದು ಸೇರುವುದಿಲ್ಲ. ಈ ಪಾಠದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಸವೆತ ಶುರುವಾಗುವುದು ಹೀಗೆ. ಹಲ್ಲು ಹಲ್ಲಿಗೆ ಒತ್ತಿ ನಿಂತಿದ್ದರೂ ಎಂಜಿನ್ನಿನ ಪ್ರತಿ ಮಿಡಿತಕ್ಕೂ ಅವು ಕಣ್ಣಿಗೆ ಕಾಣದಷ್ಟು ಸರಿದಾಡುತ್ತವೆ. ಒತ್ತಡ ಹೆಚ್ಚು, ಚಲನೆ ಕಡಿಮೆ. ಇಂಥ ಕಡೆ ಮಾಮೂಲಿ ಗ್ರೀಸ್ ಬದಿಗೆ ಹಿಂಡಿಕೊಂಡು ಹೋಗುತ್ತದೆ. ಆಮೇಲೆ ಉಕ್ಕು ಉಕ್ಕಿಗೆ ನೇರವಾಗಿ ಉಜ್ಜುತ್ತದೆ. ಉದುರಿದ ಕಣ ತುಕ್ಕಾಗಿ ಕೆಂಪು ಪುಡಿಯಾಗುತ್ತದೆ. ಆ ಪುಡಿ ಉಕ್ಕಿಗಿಂತ ಗಡಸು. ಅದು ಅಲ್ಲೇ ಕೂತು ಹಲ್ಲನ್ನು ಇನ್ನಷ್ಟು ತಿನ್ನುತ್ತದೆ. ಹಾಗಾಗಿ ಸ್ಪ್ಲೈನ್ ಬಿಚ್ಚಿದಾಗ ಮೊದಲು ಹುಡುಕಬೇಕಾದದ್ದು ಈ ಕೆಂಪು ಪುಡಿಯನ್ನು. ಕಪ್ಪು ಪೇಸ್ಟ್ ಕಂಡರೆ ನಿಶ್ಚಿಂತೆ. ಒಣ ಕೆಂಪು ಕಂಡರೆ ಹಲ್ಲಿನ ಆಕಾರ ಪರೀಕ್ಷಿಸಿ.

ಈ ಪರೀಕ್ಷೆಯನ್ನು ನಿಧಾನವಾಗಿ ಕಲಿಯಿರಿ, ಪುಸ್ತಕದ ಚಿತ್ರಕ್ಕಿಂತ ಬೆರಳೇ ಚೆನ್ನಾಗಿ ಹೇಳಿಕೊಡುತ್ತದೆ. ಚಕ್ರ ಬಿಚ್ಚಿ. ಬ್ರೇಕ್ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಬ್ರೇಕ್ ಶೂ, ಕ್ಲಚ್ ಪ್ಲೇಟುಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಇದೆ, ಒದ್ದೆ ಬಟ್ಟೆಯಲ್ಲೇ ಒರೆಸಿ. ಆಮೇಲೆ ಹಳೇ ಹಲ್ಲುಜ್ಜುವ ಬ್ರಷ್ ಮತ್ತು ಸೀಮೆಎಣ್ಣೆಯಲ್ಲಿ ಹಲ್ಲಿನ ಸಂದುಗಳನ್ನು ಪೂರ್ತಿ ತೊಳೆಯಿರಿ. ಗ್ರೀಸ್ ತುಂಬಿದ್ದರೆ ಎಂಥ ಸವೆದ ಹಲ್ಲೂ ಚೆನ್ನಾಗಿಯೇ ಕಾಣುತ್ತದೆ. ಒಳ್ಳೆಯ ಹಲ್ಲಿನ ತಲೆ ಚಪ್ಪಟೆ, ಎರಡೂ ಬದಿ ಒಂದೇ ಥರ. ಸವೆದದ್ದು ಗರಗಸದ ಹಲ್ಲಿನಂತೆ ಚೂಪಾಗಿ ಒಂದು ಕಡೆಗೆ ವಾಲಿರುತ್ತದೆ, ಯಾಕೆಂದರೆ ಮುಂದಕ್ಕೆ ತಳ್ಳುವ ಬದಿಗೇ ಪೆಟ್ಟು ಜಾಸ್ತಿ. ಹಬ್‌ನೊಳಗೆ ಸೇರದೆ ಉಳಿದ ತುದಿ ಇದ್ದರೆ ಅದನ್ನು ಹುಡುಕಿ. ಅಲ್ಲಿ ಹಲ್ಲು ಹೊಸದರ ದಪ್ಪದಲ್ಲೇ ಇರುತ್ತದೆ. ಆ ತುದಿಯಿಂದ ಈಚೆಗೆ ಉಗುರು ಎಳೆಯಿರಿ. ಉಗುರು ಮೆಟ್ಟಿಲಿಗೆ ಸಿಕ್ಕಿ ನಿಂತರೆ ಸವೆತ ಎಷ್ಟೆಂದು ಅಲ್ಲೇ ಗೊತ್ತಾಗುತ್ತದೆ.

ಚಕ್ರ ಬಿಚ್ಚುವ ಮೊದಲೇ ಒಂದು ಅಂದಾಜು ಸಿಗುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಇಟ್ಟು, ಗೇರಿಗೆ ಹಾಕಿ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ. ಬರುವ ಸಡಿಲದಲ್ಲಿ ಗೇರ್‌ಬಾಕ್ಸ್, ಯೂನಿವರ್ಸಲ್ ಜಾಯಿಂಟ್ (ಶಾಫ್ಟ್ ಬಾಗಲು ಬಿಡುವ ಕೀಲು), ಕ್ರೌನ್ ಪಿನಿಯನ್ (ಫೈನಲ್ ಡ್ರೈವಿನ ಗೇರ್ ಜೋಡಿ) ಎಲ್ಲದರ ಪಾಲೂ ಇದೆ. ಆಮೇಲೆ ಚಕ್ರ ತೆಗೆದು, ಫೈನಲ್ ಡ್ರೈವಿನ ಹಲ್ಲನ್ನೇ ಹಿಡಿದು ಅಷ್ಟೇ ತಿರುಗಿಸಿ ನೋಡಿ. ಎರಡರ ನಡುವಿನ ವ್ಯತ್ಯಾಸವೇ ಚಕ್ರದ ಸ್ಪ್ಲೈನಿನ ಸಡಿಲ.

ಹಾಕಬೇಕಾದದ್ದು ಮಾಲಿಬ್ಡಿನಮ್ ಡೈಸಲ್ಫೈಡ್ ಹೆಚ್ಚಿರುವ ಪೇಸ್ಟ್. ಹಿಂದೆ ಹೋಂಡಾ ಮಾಲಿ 60 ಹೆಸರುವಾಸಿಯಾಗಿತ್ತು, ಅದರಲ್ಲಿ ಶೇ. 60ರಷ್ಟು ಮಾಲಿಬ್ಡಿನಮ್ ಡೈಸಲ್ಫೈಡ್. ಅಮೆರಿಕದಲ್ಲಿ ಅದರ ಜಾಗಕ್ಕೆ ಎಂ77 ಬಂತು. ಅಂಗಡಿಯಲ್ಲಿ ‘ಮಾಲಿ ಗ್ರೀಸ್’ ಅಂತ ಕೊಡುವ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಶೇ. 3ರಿಂದ 5 ಮಾತ್ರ ಇರುತ್ತದೆ. ಈ ಕೆಲಸಕ್ಕೆ ಅದು ಸಾಲದು. ಚಕ್ರದ ಸ್ಪ್ಲೈನಿಗೆ ಪ್ರತಿ ಸಲ ಟೈರ್ ಬದಲಿಸುವಾಗ ತೊಳೆದು ಹೊಸ ಪೇಸ್ಟ್ ಹಚ್ಚಿ. ಹೇಗೂ ಚಕ್ರ ಬಿಚ್ಚಿರುತ್ತೇವೆ, ಹೆಚ್ಚಿನ ಖರ್ಚೇನೂ ಇಲ್ಲ.

ಕ್ಲಚ್ ಕಡೆಯ ಸ್ಪ್ಲೈನಿಗೆ ಶ್ರಮ ಬೇಕು. ಗೇರ್ ಬೀಳುವುದು ಬಿಗಿಯಾದರೆ, ಲಿವರ್ ಹಿಡಿದರೂ ಕ್ಲಚ್ ಪೂರ್ತಿ ಬಿಡದಿದ್ದರೆ, ಪ್ಲೇಟ್ ಶಾಫ್ಟಿನ ಮೇಲೆ ಜಾರುತ್ತಿಲ್ಲ ಎಂದು ಅನುಮಾನಿಸಿ. ಗೇರ್‌ಬಾಕ್ಸನ್ನು ಪೂರ್ತಿ ಹೊರಗೆ ತೆಗೆಯಲೇಬೇಕು ಅಂತಿಲ್ಲ. ಬ್ಯಾಟರಿಯ ನೆಗೆಟಿವ್ ಬಿಡಿಸಿ, ಡ್ರೈವ್ ಶಾಫ್ಟಿನ ನಾಲ್ಕು ಬೋಲ್ಟ್ ತೆಗೆದು, ಸ್ವಿಂಗ್ ಆರ್ಮ್ ಹಿಂದಕ್ಕೆ ಸರಿಸಿದರೆ ಗೇರ್‌ಬಾಕ್ಸನ್ನು ಬ್ರಷ್ ತೂರುವಷ್ಟು ಹಿಂದಕ್ಕೆ ಎಳೆಯಬಹುದು. ಪೇಸ್ಟ್ ತೆಳ್ಳಗೆ ಹಚ್ಚಿ. ಜಾಸ್ತಿಯಾದರೆ ತಿರುಗುವಾಗ ಕ್ಲಚ್ ಪ್ಲೇಟಿಗೆ ಸಿಡಿದು ಕ್ಲಚ್ ಜಾರತೊಡಗುತ್ತದೆ. ವಾಪಸ್ ಕೂರಿಸುವಾಗ ಗೇರಿಗೆ ಹಾಕಿ, ಗೇರ್‌ಬಾಕ್ಸಿನ ಹಿಂದೆ ಡ್ರೈವ್ ಶಾಫ್ಟ್ ಸೇರುವ ತಟ್ಟೆಯನ್ನು (ಫ್ಲಾಂಜ್) ಮೆಲ್ಲಗೆ ತಿರುಗಿಸಿದರೆ ಹಲ್ಲು ಹಲ್ಲಿಗೆ ಸಿಗುತ್ತದೆ. ಬೋಲ್ಟ್ ಬಿಗಿ ಮಾಡಿ ಎಳೆಯಬೇಡಿ, ಗೇರ್‌ಬಾಕ್ಸಿನ ಭಾರವನ್ನು ಪ್ಲೇಟಿನ ಮೇಲೆ ಬಿಡಬೇಡಿ. ಡ್ರೈವ್ ಶಾಫ್ಟಿಗೆ ಹೊಸ ಬೋಲ್ಟ್ ಹಾಕಿ, ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕ್ ಕೊಡಿ. ಇನ್ನೊಂದು ಮಾತು: ಈ ಕೆಲಸಕ್ಕೆ ಫ್ಲೈವೀಲ್ ಬಿಚ್ಚುವ ಅಗತ್ಯವೇ ಇಲ್ಲ. ಮುಂದಿನಿಂದ ಕ್ರ್ಯಾಂಕ್ ಸರಿಯದಂತೆ ತಡೆಯದೆ ಅದನ್ನು ಬಿಚ್ಚಿದರೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ಒಳಗೆ ಹಿಡಿದಿರುವ ಥ್ರಸ್ಟ್ ವಾಷರ್ ಪಿನ್ನಿನಿಂದ ಕಳಚಿ ಎಂಜಿನ್ನೇ ಹಾಳಾಗಬಹುದು.

ಹಲ್ಲು ಚೂಪಾದ ಮೇಲೆ ಪೇಸ್ಟ್ ಹಚ್ಚಿ ಪ್ರಯೋಜನವಿಲ್ಲ. ಕ್ಲಚ್ ಕಡೆ ಪ್ಲೇಟ್ ಮಾತ್ರ ಸವೆದಿದ್ದರೆ ಪ್ಲೇಟ್ ಬದಲಿಸಿದರೆ ಸಾಕು. ಇನ್‌ಪುಟ್ ಶಾಫ್ಟೇ ಹೋಗಿದ್ದರೆ ಗೇರ್‌ಬಾಕ್ಸ್ ಕವರನ್ನು ಬಿಸಿ ಮಾಡಿ ತೆರೆದು, ಶಿಮ್ (ಸಂದು ಸರಿಪಡಿಸುವ ತೆಳು ಬಿಲ್ಲೆ) ಅಳೆದು ಜೋಡಿಸಬೇಕು. ಅದು ಅನುಭವಸ್ಥರ ಕೆಲಸ, ಅವರಿಗೇ ಕೊಡಿ. ಚಕ್ರದ ಹಬ್ಬಿನಲ್ಲಿ ಹಲ್ಲಿನ ಉಂಗುರವನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಒಳ್ಳೆಯ ಲೇತ್ ಕೆಲಸದವರು ಹಳೆಯದನ್ನು ಕೊರೆದು ತೆಗೆದು ಹೊಸದನ್ನು ನಡುಮಧ್ಯಕ್ಕೆ ಸರಿಯಾಗಿ ಕೂರಿಸಬಲ್ಲರು. ಆದರೆ ಒಂದು ಬದಿ ಹೊಸದು, ಇನ್ನೊಂದು ಬದಿ ಸವೆದದ್ದು ಅಂತ ಜೋಡಿಸಿದರೆ ಹೊಸದೂ ಬೇಗ ಹೋಗುತ್ತದೆ. ದುಡ್ಡು ಉಳಿಸುವ ಜಾಗ ಇದಲ್ಲ. 1980ರ ಆರ್80 ಜಿ/ಎಸ್ ಮತ್ತು 1985ರ ಆರ್80ರಲ್ಲಿ ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುತ್ತಾರೆ, ಹಾಗಾಗಿ ಅಲ್ಲಿ ಚಕ್ರದ ಸ್ಪ್ಲೈನಿನ ಚಿಂತೆಯೇ ಇಲ್ಲ. ಕ್ಲಚ್ ಕಡೆಯದು ಮಾತ್ರ ಅವಕ್ಕೂ ಇದೆ.

ಹೋಂಡಾದ ಎಸ್‌ಟಿ1100ರಂಥ ಗಾಡಿಗಳಲ್ಲಿ ಚಕ್ರದ ಕಡೆ ರಬ್ಬರ್ ಡ್ಯಾಂಪರ್ ಇರುವ ಫ್ಲಾಂಜಿನ ಮೇಲೆ ಹಲ್ಲು ಇರುತ್ತದೆ, ಜೊತೆಗೆ ಓ ರಿಂಗ್. ಟೈರ್ ಹಾಕುವಾಗ ಆ ರಿಂಗ್ ಒಣಗಿದ್ದರೆ, ಹರಿದಿದ್ದರೆ ಹೊಸದು ಹಾಕಿ. ಫೈನಲ್ ಡ್ರೈವನ್ನೂ ಬಿಚ್ಚಿದ್ದರೆ ಅದರ ನಟ್ಟುಗಳನ್ನು ಸಡಿಲ ಇಟ್ಟೇ ಆಕ್ಸಲ್ ತೂರಿಸಿ ಬಿಗಿ ಮಾಡಿ. ಆಗ ಹಲ್ಲುಗಳು ನೇರವಾಗಿ ಕೂರುತ್ತವೆ. ಫೈನಲ್ ಡ್ರೈವಿನ ನಟ್ ಬಿಗಿಯುವುದು ಅದಾದ ಮೇಲೆ.